ಹರಳು ಆರುವ ತನಕ

ಒಂದು ಪೊರೆ ಬೆಳೆಸುವುದಕ್ಕೆ ಏನೇನು ಖರ್ಚಾಗುತ್ತದೆ ಎಂಬ ಲೆಕ್ಕ ಊರಿನ ಬಸ್ಸು ಹತ್ತಿದಾಗಲೆಲ್ಲ ಓಬಳಪ್ಪನ ತಲೆಯೊಳಗೆ ತಾನಾಗಿ ಶುರುವಾಗುತ್ತಿತ್ತು. ದುಡ್ಡಿನ ಲೆಕ್ಕ ಲ್ಯಾಬಿನ ಸಾಹೇಬರದು, ಅದು ಅವನಿಗೆ ಬೇಕಿರಲಿಲ್ಲ. ಅವನ ಲೆಕ್ಕ ಬೇರೆ. ಉಗುರಿನಗಲದ, ನೀರಿನಷ್ಟು ತಿಳಿಯಾದ ಒಂದು ಹರಳಿನ ಬಿಲ್ಲೆ. ಅದನ್ನು ಉಸಿರೂ ತಾಗದ ಹಾಗೆ ತೊಳೆದು ಒಣಗಿಸುವುದಕ್ಕೆ ಒಂದು ಬೆಳಗು. ಉಕ್ಕಿನ ಡಬ್ಬಿಯೊಳಗಿನ ಗಾಳಿಯನ್ನೆಲ್ಲ ಪಂಪು ಹೀರಿ ತೆಗೆಯುವ ತನಕ ಹಗಲು ರಾತ್ರಿ ಕಾವಲು. ಹೊಗೆಯಾಡುವಷ್ಟು ತಣ್ಣಗಿನ ಸಾರಜನಕ ಕ್ಯಾನುಗಟ್ಟಲೆ. ಆಮೇಲೆ ಬಿಲ್ಲೆಯನ್ನು ಕೆಂಪಗೆ ಕಾಯಿಸಿ, ಯುರೇನಿಯಂ ಆಕ್ಸೈಡನ್ನು ಆವಿ ಮಾಡಿ, ಅದು ಮೆಲ್ಲಗೆ ಬಂದು ಕೂರುವುದನ್ನು ದಪ್ಪ ಗಾಜಿನ ಕಿಂಡಿಯಿಂದ ನೋಡುತ್ತ ನಿಂತು ನಿಂತು ಸೊಂಟ ಹಿಡಿದುಕೊಳ್ಳುವುದು. ಕೊನೆಗೆ, ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು, ಆರುವುದಕ್ಕೆ ಬಿಡುವುದು. ಬೇಗ ಆರಿಸಿದರೆ ಪೊರೆ ಬಿರಿಯುತ್ತದೆ, ಬಿಸಿ ಇರುವಾಗ ಗಾಳಿ ತಾಗಿದರೆ ಕರಿ ಪುಡಿಯಾಗುತ್ತದೆ. ಇಷ್ಟೆಲ್ಲ ಆಗಿ ಕೈಗೆ ಸಿಗುವುದು ಹರಳಿನ ಮೇಲೆ ಜೇನಿನ ಕಲೆಯಂತೆ ಕಾಣುವ ಒಂದಿಷ್ಟು. ಕೂದಲೆಳೆಯನ್ನು ಉದ್ದಕ್ಕೆ ಸೀಳುತ್ತ ಹೋದರೆ ಇನ್ನು ಸೀಳಲಾರೆ ಎನ್ನಿಸಿದ ಮೇಲೂ ಸೀಳಬೇಕು, ಅಷ್ಟು ತೆಳು. ಅಣುಸ್ಥಾವರದಲ್ಲಿ ಉರಿಯುವ ಇಂಧನ ನೀರಲ್ಲಿ ನೆನೆದರೆ ಹೇಗೆ ಸವೆಯುತ್ತದೆ ಎಂದು ತಿಳಿಯಬೇಕಾದರೆ ಇಂಥ ಪೊರೆಯೇ ಬೇಕು ಎಂದು ಸಾಹೇಬರು ಹೇಳುತ್ತಿದ್ದರು. ಗಟ್ಟಿಯದರಲ್ಲಿ ನೂರೆಂಟು ಬಿರುಕು, ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಪೊರೆಯಲ್ಲಿ ಇರುವುದು ಒಂದೇ ಹರಳು, ಅಪಾಯವೂ ಹೆಸರಿಗೆ ಮಾತ್ರ. ಹೆಸರಿಗೆ ಮಾತ್ರ ಎಂಬ ಆ ಮಾತನ್ನು ಓಬಳಪ್ಪ ತನ್ನ ಹೆಂಡತಿ ಹೊನ್ನಕ್ಕನ ಮುಂದೆ ಎಷ್ಟು ಸಲ ಆಡಿದ್ದನೆಂದರೆ, ಈಗ ಅದು ಅವನ ಬಾಯಲ್ಲೇ ಸಪ್ಪಗಾಗಿತ್ತು.

ಶಿರಾದಿಂದ ಬುಕ್ಕಾಪಟ್ಟಣಕ್ಕೆ ಹೊರಟ ಶನಿವಾರ ಮಧ್ಯಾಹ್ನದ ಬಸ್ಸು ಅದು. ತೊಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯ ದೊಡ್ಡ ಸುರುಳಿ ಇಟ್ಟುಕೊಂಡು ಅವನು ಕಿಟಕಿಗೆ ಒರಗಿದ್ದ. ಪಡುವಲಲ್ಲಿ ಮೋಡ ಕಟ್ಟುತ್ತಿತ್ತು. ಬೆಂಗಳೂರಿನ ಲ್ಯಾಬಿನ ಒಳಕೋಣೆಯಲ್ಲಿ, ನಿನ್ನೆ ಬೆಳೆದ ಪೊರೆ ಈ ಹೊತ್ತಿಗೆ ಡಬ್ಬಿಯೊಳಗೆ ಸದ್ದಿಲ್ಲದೆ ಆರುತ್ತಿರಬೇಕು. ಕಿಂಡಿಯಿಂದ ನೋಡಿದಾಗ ಒಂದು ಮಚ್ಚೆಯೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಇಂಥದ್ದು ಬಂದಿರಲಿಲ್ಲ. ಸಾಹೇಬರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಏನೂ ಹೇಳದೆ ಅವನ ಭುಜ ಮುಟ್ಟಿ ಹೋಗಿದ್ದರು. ಸೋಮವಾರದ ತನಕ ಪಂಪು ನಿಲ್ಲಬಾರದು. ಕರೆಂಟು ಹೋದರೆ ತಕ್ಷಣ ಪಂಪಿನ ದಾರಿಯ ವಾಲ್ವನ್ನು ಕೈಯಿಂದ ತಿರುಗಿಸಿ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಒಳನುಗ್ಗುತ್ತದೆ; ಅದಕ್ಕೆ ಒಬ್ಬ ಅಲ್ಲೇ ಇರಬೇಕು. ಜೊತೆಯ ಕೆಲಸಗಾರ ಪರ್ವತಯ್ಯ ಭಾನುವಾರ ಮಧ್ಯಾಹ್ನದ ತನಕ ಒಪ್ಪಿಕೊಂಡಿದ್ದ. "ಮಧ್ಯಾಹ್ನಕ್ಕೆ ಬಂದ್ಬುಡು ಓಬಳಪ್ಪ, ಕೈ ಮುಗೀತೀನಿ. ಕೊರಟಗೆರೇಲಿ ನನ್ ಭಾಮೈದನ ಮದುವೆ. ನಾನು ಹೋಗ್ಲಿಲ್ಲ ಅಂದ್ರೆ ನನ್ ಹೆಂಡ್ತಿ ನನ್ನೇ ಈ ಡಬ್ಬೀಲಿ ಕೂರ್ಸಿ ಗಾಳಿ ತೆಗೀತಾಳೆ" ಎಂದಿದ್ದ. ಬರುತ್ತೇನೆ ಎಂದು ಓಬಳಪ್ಪ ಮಾತು ಕೊಟ್ಟಿದ್ದ. ಇವತ್ತು ಸಂಜೆಯ ಕೊನೆಯ ಬಸ್ಸಿಗೆ ಹೊನ್ನಕ್ಕನನ್ನೂ ಮಗುವನ್ನೂ ಹತ್ತಿಸಿಕೊಂಡು ಹಿಂದಿರುಗುವುದೆಂದು ಮನಸ್ಸಿನಲ್ಲಿ ನೂರು ಸಲ ಬಸ್ಸು ಹತ್ತಿಸಿ ಇಳಿಸಿದ್ದ. ಕಂಡಕ್ಟರು ಸುರುಳಿಯನ್ನು ಮೊಣಕಾಲಿನಿಂದ ಒತ್ತಿ, "ಲಗೇಜು ಹಾಕ್ಲಾ, ಮನುಷ್ಯ ಅಂತ ಟಿಕೇಟ್ ಕೊಡ್ಲಾ ಇದುಕ್ಕೆ?" ಎಂದ. ಹಿಂದಿನ ಸೀಟಿನವರು ನಕ್ಕರು. ಓಬಳಪ್ಪ ತಾನೂ ನಗುವವನಂತೆ ಮುಖ ಮಾಡಿ, ಸುರುಳಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಊರಲ್ಲಿ ಹೊನ್ನಕ್ಕ ಬಾಣಂತಿಯಾಗಿ ಮಗುವಿನೊಡನೆ ಇದ್ದ ಗುಡಿಸಲು ಸೋರುತ್ತಿದೆ ಎಂದು ಬೆಂಗಳೂರಿನ ಸಂತೆಗೆ ಬಂದವರ ಬಾಯಲ್ಲಿ ಸುದ್ದಿ ಬಂದಿತ್ತು. ಹೊಸ ಪಂಪಿನ ಪೆಟ್ಟಿಗೆಗೆ ಸುತ್ತಿಕೊಂಡು ಬಂದ ಹಾಳೆ ಇದು, ಅವಳು ಬರಲೊಪ್ಪದಿದ್ದರೆ ಗುಡಿಸಲಿಗೆ ಹೊದಿಸಲಾದರೂ ಆಗಲಿ ಎಂದು ಗೇಟಿನಲ್ಲಿ ಕೇಳಿಯೇ ತಂದದ್ದು. ಆ ಸುದ್ದಿ ಕೇಳಿದಾಗ ಅವನಿಗೆ ಮೊದಲು ನೆನಪಾದದ್ದು ಈ ಮಗುವಲ್ಲ, ಹಿಂದಿನದು.

ಹಿಂದಿನದು ಹೀಗೇ ಮುಂಗಾರಿನಲ್ಲಿ, ಇಂಥದೇ ಗುಡಿಸಲಿನಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ತಣ್ಣಗಾಗಿತ್ತು. ಅದರ ಟೆಲಿಗ್ರಾಂ ಲ್ಯಾಬಿಗೆ ಬಂದಾಗ ಅವನು ಒಳಕೋಣೆಯಿಂದ ಹೊರಬರುತ್ತಿದ್ದ. ಹಳದಿ ಗೆರೆ ದಾಟುವ ಮೊದಲು ಒಳಗಿನ ಚಪ್ಪಲಿ ಬಿಡಬೇಕು, ಕೈಗವಸು ತಿರುವಿ ತೆಗೆಯಬೇಕು, ಕೈಗೆ ವಿಕಿರಣದ ಧೂಳು ಅಂಟಿದೆಯೇ ಎಂದು ನೋಡುವ ಯಂತ್ರದ ಬಾಯಲ್ಲಿ ಎರಡೂ ಕೈಯಿಟ್ಟು ನಿಲ್ಲಬೇಕು. ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಗೆರೆಯ ಆಚೆ ಜವಾನ ಕೆಂಪಯ್ಯ ಟೆಲಿಗ್ರಾಂ ಹಿಡಿದು, ಅದರಲ್ಲೇನಿದೆ ಎಂದು ಗೊತ್ತಿದ್ದ ಮುಖ ಮಾಡಿಕೊಂಡು ನಿಂತಿದ್ದ. ಓಬಳಪ್ಪ ಕೈ ತೆಗೆಯಲಿಲ್ಲ. ಹಸಿರು ದೀಪ ಹತ್ತಿ ಕೈ ಶುದ್ಧವೆಂದು ಆದ ಮೇಲೆಯೇ ದಾಟಿ ಬಂದು ಓದಿದ. ನಿಯಮ ಹಾಗಿತ್ತು. ಆದರೆ ಆ ಟಿಕ್ ಟಿಕ್‌ನ ಹೊತ್ತಿನಲ್ಲಿ ತನಗೆ ಅಳು ಬರದೆ, ಬೆರಳು ಸರಿಯಾಗಿ ಬಿಡಿಸಿ ಇಟ್ಟಿದ್ದೇನೆಯೇ ಎಂದು ನೋಡಿಕೊಂಡದ್ದು ಅವನಿಗೆ ಮರೆಯಲಾಗಿರಲಿಲ್ಲ. ಗುಡಿಸಲಿನ ಥಂಡಿಯೇ ಕೊಂದದ್ದು ಎಂದು ಅವನು ನಂಬಿಕೊಂಡ. ಬಾಯಿಬಿಟ್ಟು ಹೇಳಲಿಲ್ಲ. ಬಾಣಂತಿ ಹಟ್ಟಿಯ ಹೊರಗಿರುವುದು ಅವರ ದೇವರ ಕಟ್ಟಳೆ. ಅದನ್ನು ಆಡಿಕೊಂಡರೆ ಹೆತ್ತ ತಾಯಿಯನ್ನು ಆಡಿಕೊಂಡಂತೆ.

ಬುಕ್ಕಾಪಟ್ಟಣದಲ್ಲಿ ಇಳಿದು, ಕಳ್ಳಿ ಜಾಲಿಗಳ ನಡುವಿನ ಕಾಲುದಾರಿ ಹಿಡಿದು ಹಟ್ಟಿ ಮುಟ್ಟುವಷ್ಟರಲ್ಲಿ ಬಿಸಿಲು ಇರಲಿಲ್ಲ. ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ. ಬೇಲಿಯ ಬಾಯಲ್ಲಿ ತಾಯಿ ರಂಗಕ್ಕ ಕುರಿಮರಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. ಮಗನನ್ನು ಕಂಡು ಮುಖ ಅರಳಿತು, ಬಾಯಿ ಅರಳಲಿಲ್ಲ.

"ಬಂದ್ಯಾ. ಕಾಲಲ್ಲಿರೋದ ಆಚೆ ಬುಡು."

"ಒಳಕ್ಕೆ ಬರಲ್ಲ ಕಣವ್ವ. ಹೊನ್ನೀನ ಕರ್ಕಂಡು ಹಂಗೇ ಹೊಲ್ಟೋಯ್ತೀನಿ."

"ಎಲ್ಲಿಗೆ?"

"ಬೆಂಗ್ಳೂರಿಗೆ. ಕ್ವಾಟ್ರಸ್‌ಗೆ. ಮಳೆ ಬತ್ತೈತೆ."

ರಂಗಕ್ಕ ಮರಿಯ ಕಿವಿಯಲ್ಲಿದ್ದ ಉಣ್ಣೆಹುಳವೊಂದನ್ನು ಹುಡುಕಿ ಕಿತ್ತಳು. "ಸೂತಕ ತೀರಿಲ್ಲ. ಹಸಿ ಮೈ. ದೇವ್ರಿಗೆ ಮೀಸಲು ಹಾಲು ಕಾಯ್ಸೋ ಮನೆ ಕಣ್ಲಾ ನಮ್ದು. ನಿಮ್ಮಪ್ಪ ಇಲ್ಲ ಅಂದೇಟ್ಗೆ ದೇವ್ರೂ ಸತ್ತೋದ್ನಾ?"

ಓಬಳಪ್ಪ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. ಒಂದು ವರ್ಷ ಅವಳು ಕ್ವಾರ್ಟರ್ಸಿಗೆ ಬಂದಿದ್ದಾಗ, ಮಗ ಮಾಡುವ ಕೆಲಸವೇನು ಎಂದು ಕೇಳಿದ್ದಳು. ಹಾಲಿನ ಮೇಲೆ ಕೆನೆ ಕಟ್ಟಿಸಿದ ಹಾಗೆ, ಅಲ್ಲಾಡಿಸದೆ, ಊದದೆ, ಹರಳಿನ ಮೇಲೆ ಕೆನೆ ಕಟ್ಟಿಸುವುದು ಎಂದಿದ್ದ. "ಕೆನೆ ಕಟ್ಟುಸ್ಬೇಕು ಅಂದ್ರೆ ಹಟ್ಟೀಲೇ ಇದ್ದಿದ್ರೆ ಆಗ್ತಿತ್ತಲ್ಲ" ಎಂದು ನಕ್ಕಿದ್ದವಳು, ಹಳದಿ ಗೆರೆ, ಒಳಗಿನ ಚಪ್ಪಲಿ, ಕೈ ತೊಳೆಯುವುದು, ಒಬ್ಬರ ಬಟ್ಟೆ ಒಬ್ಬರು ಮುಟ್ಟದಿರುವುದು ಇದನ್ನೆಲ್ಲ ಕೇಳುತ್ತ ಕೇಳುತ್ತ ಗಂಭೀರವಾಗಿ ತಲೆಯಾಡಿಸಿದ್ದಳು. ಅವನಿಗೆ ಲ್ಯಾಬಿನಲ್ಲಿ ಯಾರಿಗೂ ಅಷ್ಟು ಸುಲಭವಾಗಿ ವಿವರಿಸಲು ಆಗಿರಲಿಲ್ಲ. ಈಗ ಅವಳು ಅದನ್ನೇ ತೆಗೆದಳು.

"ನಿಮ್ ಆಪೀಸಲ್ಲಿ ಗೆರೆ ಹಾಕವ್ರೆ ಅಂತೀಯ. ದಾಟ್ಬೇಕಾದ್ರೆ ಕೈ ತೊಳ್ಕಬೇಕು ಅಂತೀಯ. ಅಲ್ಲಿ ಗೆರೆಗೆ ಹೆದ್ರುತೀಯ, ಇಲ್ಲಿ ಗೆರೆ ಅಂದ್ರೆ ನಿಂಗೆ ನಗೆ."

"ನಾನು ನಗ್ಲಿಲ್ಲವ್ವ."

"ಮನ್ಸಲ್ಲಿ." ಅವಳ ದನಿ ಸ್ವಲ್ಪ ಇಳಿಯಿತು. "ನಿನ್ನೂ ನಾನು ಅಂಥ ಗುಡ್ಲಲ್ಲೇ ಹೆತ್ತಿದ್ದು. ಸತ್ತೋದ್ಯಾ ನೀನು?"

ಹಟ್ಟಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಹೊಂಗೆಯ ಮರದಡಿ ಗುಡಿಸಲಿತ್ತು. ಒಬ್ಬರು ಕೂತು, ಇನ್ನೊಬ್ಬರು ಮಲಗಬಹುದಾದಷ್ಟು. ಹೊದಿಸಿದ ಸೋಗೆ ಒಂದು ಕಡೆ ಕೊಳೆತು ಕುಸಿದಿತ್ತು. ಬಾಗಿಲಲ್ಲಿ ಸೂಲಗಿತ್ತಿ ಕೆಂಚಮ್ಮ ಬಿಸಿನೀರಿನ ಮಡಕೆಗೆ ಸೌದೆ ನೂಕುತ್ತಿದ್ದಳು. ಹಟ್ಟಿಯವರು ಯಾರೂ ಬಾಣಂತಿಯನ್ನು ಮುಟ್ಟುವಂತಿಲ್ಲವಾದ್ದರಿಂದ ಪಕ್ಕದೂರಿನ ಒಕ್ಕಲುಮನೆಯ ಕೆಂಚಮ್ಮನೇ ಬೆಳಗು ಬೈಗು ಬಂದು ನೋಡುತ್ತಿದ್ದಳು. ಓಬಳಪ್ಪ ಎಲ್ಲಿ ನಿಲ್ಲಬೇಕೋ ಅಲ್ಲಿ, ಅಡ್ಡಕ್ಕೆ ಹಾಕಿದ್ದ ಹಳೆಯ ಒನಕೆಯ ಈಚೆ ನಿಂತ. ಒಳಗಿನ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಹೊನ್ನಕ್ಕನ ಮುಖ ಕಂಡಿತು. ಕಂಬಳಿಯೊಳಗೆ ಮಗುವಿನ ತಲೆ, ತೆಂಗಿನಕಾಯಿಗಿಂತ ಚಿಕ್ಕದು. ಯಾವ ದಿಕ್ಕಿನಿಂದ ನೋಡಿದರೂ ಅವನಿಗೆ ಕಿಂಡಿಯಿಂದ ನೋಡಿದ ಹಾಗೇ ಆಗುತ್ತಿತ್ತು. ನಡುವೆ ಗಾಜು ಮಾತ್ರ ಇರಲಿಲ್ಲ.

"ಜ್ವರ ಬಂದೈತೆ ನಿನ್ ಹೆಂಡ್ತಿಗೆ," ಎಂದಳು ಕೆಂಚಮ್ಮ. "ರಾತ್ರೆಲ್ಲ ನಡುಕ. ಮಗೀಗೆ ಮೈಕಾವು ಕೊಡೋಕೂ ಆಗ್ತಿಲ್ಲ ಇವಳ ಕೈಲಿ. ಅದೇನು, ಸುರುಳಿ?"

ಅವನು ಬಿಚ್ಚಿ ತೋರಿಸಿದ. ಹಾಳೆಯ ಉದ್ದಕ್ಕೂ ಗಾಜಿನ ಲೋಟ, ಕೊಡೆ, ಮೇಲ್ಮುಖ ಬಾಣ ಅಚ್ಚಾಗಿದ್ದವು.

"ಲೋಟದ ಚಿತ್ರ ಐತಲ್ಲಪ್ಪ. ಸಾರಾಯಂಗ್ಡೀದಾ?"

"ಮಿಷನ್ನಿಗೆ ಸುತ್ತಿದ್ದು. ಹೊಸದು. ನೀರು ಇಳಿಯಲ್ಲ."

"ಯಾವ ಮಿಷನ್ನು?" ಎಂದಳು ಒಳಗಿನಿಂದ ಹೊನ್ನಕ್ಕ. ಇಷ್ಟು ಹೊತ್ತಿನಲ್ಲಿ ಅವಳಾಡಿದ ಮೊದಲ ಮಾತು.

"ಪಂಪು. ಇನ್ನೂ ಒಳಕೋಣೆಗೆ ಹೋಗ್ದಿರೋ ಪಂಪು."

"ಅಲ್ಲಿಂದ ಬಂದಿದ್ದು ನನ್ ಮಗಿನ ತಲೆ ಮ್ಯಾಲೆ ಬ್ಯಾಡ."

ದನಿಯಲ್ಲಿ ಸಿಟ್ಟಿರಲಿಲ್ಲ. ಉಪ್ಪು ಸಾಕು ಎನ್ನುವ ಹಾಗೆ ಹೇಳಿದಳು. ಅವನು ಹಾಳೆ ಹಿಡಿದು ನಿಂತೇ ಇದ್ದ. ಗಾಳಿಗೆ ಅದು ಪಟಪಟ ಬಡಿಯಿತು, ದೂರದಲ್ಲಿದ್ದ ಮೇಕೆಗಳು ತಲೆಯೆತ್ತಿ ನೋಡಿದವು. ಕೆಂಚಮ್ಮನೇ ಎದ್ದು ಬಂದು ಹಾಳೆಯ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ನಂಗ್ ಕೊಟ್ಬುಡು. ನನ್ ಬಣವೆಗೆ ಯಾವ್ ಪಾಪಾನೂ ತಟ್ಟಲ್ಲ. ನಮ್ ತ್ವಾಟದ ಗರಿ ಹೊತ್ಕಂಡ್ ಬತ್ತೀನಿ, ಅದ್ನ ಹೊದ್ಸು," ಎಂದು ಮಡಚಿ ತಲೆ ಮೇಲಿಟ್ಟುಕೊಂಡು ಹೊರಟೇಹೋದಳು. ಹಾದಿಯಲ್ಲಿ ಅವಳು ಚಿಕ್ಕದಾಗುತ್ತ ಹೋಗುವುದನ್ನು ಓಬಳಪ್ಪ ನೋಡಿದ. ಬಸ್ಸಿನಲ್ಲಿ ಅಷ್ಟು ಜೋಪಾನವಾಗಿ ತಂದದ್ದು, ಒಂದು ಮಾತಿಗೆ ಹುಲ್ಲಿನ ಬಣವೆಯ ಪಾಲಾಯಿತು. ಅವಮಾನ ಎನ್ನಿಸಬೇಕಿತ್ತು, ಅಷ್ಟು ತ್ರಾಣವೂ ಅವನಲ್ಲಿರಲಿಲ್ಲ.

"ಹೊನ್ನಿ, ಹೊರ್ಡು. ಕೊನೇ ಬಸ್ಸೈತೆ. ಶಿರಾದಲ್ಲಿ ಡಾಕ್ಟ್ರಿಗೆ ತೋರ್ಸಿ, ಬೆಳಿಗ್ಗೆ ಬೆಂಗ್ಳೂರು."

"ನಾನು ಬಂದ್ರೆ ಅತ್ತೆ ಇಲ್ಲಿ ಯಾರ ಮುಖ ನೋಡ್ಬೇಕು?"

"ಅವ್ವನ್ನ ನಾನು ನೋಡ್ಕಂತೀನಿ."

"ಅದಲ್ಲ," ಎಂದಳು. ಚಳಿಗೆ ಅವಳ ಹಲ್ಲು ಕಟಕಟ ಎಂದವು. "ಒಂದ್ ಕೇಳ್ತೀನಿ. ಮೊದ್ಲನೇದು ಹೊಟ್ಟೇಲಿದ್ದಾಗ ನೀಲಿ ಕೋಟು ತಂದಿದ್ದೆ. ಗುಂಡಿ ಕಿತ್ತೋಗಿತ್ತು. ನಾನು ಮಡ್ಲಲ್ಲಿ ಹಾಕ್ಕಂಡು ಹೊಲ್ದೆ. ದಾರ ಹಲ್ಲಲ್ಲಿ ಕಡ್ದೆ. ಅದು ಯಾವ್ ಕೋಟು?"

ಓಬಳಪ್ಪನಿಗೆ ಆ ಸಂಜೆ ಇಡಿಯಾಗಿ ನೆನಪಾಯಿತು: ಸೀಮೆಎಣ್ಣೆ ಸ್ಟೌವಿನ ವಾಸನೆ, ರೇಡಿಯೋದಲ್ಲಿ ಪ್ರದೇಶ ಸಮಾಚಾರ, ಅವಳು ಸೂಜಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ್ದು. ಕೋಟು ಮಾತ್ರ ನೆನಪಾಗಲಿಲ್ಲ. ಹೊರಕೋಣೆಯ ಕೋಟೂ ನೀಲಿ, ಒಳಕೋಣೆಯದೂ ನೀಲಿ. ಒಳಕೋಣೆಯದನ್ನು ಗೆರೆಯ ಆಚೆಗೆ ತರುವಂತಿಲ್ಲ, ತಂದಿರಲಾರೆ. ತಂದಿದ್ದರೂ ಅದರಲ್ಲೇನು ಅಂಟಿರುತ್ತಿತ್ತು, ಹೆಸರಿಗೆ ಮಾತ್ರ. ಆಗೆಲ್ಲ ಗೆರೆಗೆ ಬಣ್ಣ ಬಳಿದು ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಹೊಸ ಕೋಟುಗಳು ಬಂದಿರಲಿಲ್ಲ, ಯಾರದನ್ನು ಯಾರು ಹಾಕಿಕೊಳ್ಳುತ್ತಿದ್ದರೋ. ಇವಳು ಇಷ್ಟು ವರ್ಷ ಹಲ್ಲಿನಲ್ಲಿ ಕಡಿದ ಆ ದಾರವನ್ನು ಬಾಯೊಳಗೇ ಇಟ್ಟುಕೊಂಡು, ತನಗೆ ಮುದ್ದೆ ಕಟ್ಟಿ ಹಾಕಿ, ತನ್ನ ಪಕ್ಕ ಮಲಗಿ, ಎರಡನೆಯದನ್ನು ಹೊತ್ತಿದ್ದಳು. ಇಲ್ಲ ಎಂದರೆ ಮುಗಿಯುತ್ತದೆ. ಇಲ್ಲ, ಅದು ಹೊರಗಿನ ಕೋಟು ಎಂದರೆ ಅವಳು ಎದ್ದು ಬಂದರೂ ಬರಬಹುದು. ಬಸ್ಸಿಗೆ ಇನ್ನೂ ಹೊತ್ತಿದೆ, ನಾಳೆ ಮಧ್ಯಾಹ್ನಕ್ಕೆ ಪರ್ವತಯ್ಯನನ್ನು ಕಳಿಸಬಹುದು, ಪೊರೆ ಉಳಿಯುತ್ತದೆ. ಅವನು ಬಾಯಿ ತೆರೆದ.

"ಗೊತ್ತಿಲ್ಲ ಹೊನ್ನಿ."

ಅವಳು ಅವನನ್ನೇ ನೋಡಿದಳು.

"ಕೋಟಿಂದಾಯ್ತೋ, ಗುಡ್ಲಿಂದಾಯ್ತೋ, ನಂಗೊತ್ತಿಲ್ಲ. ಸಾಹೇಬ್ರಿಗೂ ಗೊತ್ತಿರಲ್ಲ."

"ಗುಡ್ಲಿಂದ ಅಂತ ನಂಗೂ ಅನ್ಸಿತ್ತು," ಎಂದಳು ಅವಳು ತುಂಬ ಮೆಲ್ಲಗೆ, ಬೇಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿ. "ಯಾರತ್ರ ಹೇಳ್ಲಿ. ಈಗ್ಲೂ ಎರಡಕ್ಕೂ ಹೆದ್ರಿಕೆ. ಅಲ್ಲಿಗೆ ಬರಾಕಿಲ್ಲ ನಾನು. ಇಲ್ಲಿರಾಕೂ ಆಗ್ತಿಲ್ಲ."

ಮೊದಲ ಹನಿಗಳು ಹೊಂಗೆಯ ಎಲೆಗಳ ಮೇಲೆ ಬಿದ್ದವು. ಕೆಂಚಮ್ಮನ ಸುಳಿವಿರಲಿಲ್ಲ. ಬುಕ್ಕಾಪಟ್ಟಣದ ದಾರಿಗೆ ಈಗಲೇ ಕಾಲು ಹಾಕಿದರೆ ಬಸ್ಸು ಸಿಗುತ್ತದೆ ಎಂದು ಅವನೊಳಗಿನ ಒಬ್ಬ ಹೇಳುತ್ತಲೇ ಇದ್ದ. ಅವನು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಒಳಗೆ ಮಗು ಅಳಲು ಶುರುಮಾಡಿ, ಅಳುವುದಕ್ಕೂ ಬೇಸರವಾದಂತೆ ನಿಲ್ಲಿಸಿತು. ಆ ನಿಲ್ಲಿಸಿದ್ದು ಅವನಿಗೆ ಹೆದರಿಕೆ ತಂದಿತು. ಅವನು ಮಡಕೆಯ ನೀರು ಮೊಗೆದು ಒಲೆಯ ಬೂದಿ ಹಾಕಿಕೊಂಡು ಕೈ ತೊಳೆದ. ಬೆರಳ ಸಂದು, ಉಗುರು, ಮಣಿಕಟ್ಟು, ಮತ್ತೊಮ್ಮೆ ಬೆರಳ ಸಂದು. ಲ್ಯಾಬಿನಲ್ಲಿ ಕಲಿತ ಹಾಗೆ. ಟಿಕ್ ಟಿಕ್ ಎಂದು ಹೇಳುವ ಯಂತ್ರವಿರಲಿಲ್ಲ. ಹೊನ್ನಕ್ಕನ ಮುಂದೆ ಎರಡೂ ಕೈ ಬಿಡಿಸಿ ಹಿಡಿದ. ಅವಳು ಅವನ್ನು ನೋಡಿದಳು, ಮುಟ್ಟಲಿಲ್ಲ. ಮಗುವಿನ ಮೇಲಿನ ಕಂಬಳಿಯ ಅಂಚನ್ನು ಸ್ವಲ್ಪ ಸರಿಸಿದಳು.

"ಓಬಳಾ," ಎಂದು ಬೇಲಿಯಿಂದ ರಂಗಕ್ಕ ಕೂಗಿದಳು. "ಒನಕೆ ದಾಟಿದ್ಯೋ, ಸೂತಕ ತೀರೋಗಂಟ ನೀನೂ ಅಲ್ಲೇ. ನೀರು ಹುಯ್ಕಂಡು ಬಸ್ಸತ್ತಿ ಓಡೋಗೋದಲ್ಲ. ಹೇಳಿವ್ನಿ."

ಅವನು ದಾಟಿದ.

ಒಳಗೆ ತಲೆಯೆತ್ತಲು ಆಗುತ್ತಿರಲಿಲ್ಲ. ಅಂಗಿ ಬಿಚ್ಚಿ, ಮಗುವನ್ನು ಬರಿ ಎದೆಗೆ ಹಚ್ಚಿಕೊಂಡು, ಮೇಲೆ ಕಂಬಳಿ ಎಳೆದುಕೊಂಡ. ಅದರ ಪಾದಗಳು ಅವನ ಹೊಟ್ಟೆಗೆ ಎರಡು ತಣ್ಣನೆಯ ಬೆಣಚುಕಲ್ಲಿನಂತೆ ತಾಗಿದವು. ಅದೇನು ಕಿಂಡಿಯಾಚೆಯ ವಸ್ತುವಲ್ಲ. ತೂಕವಿತ್ತು, ಹುಳಿವಾಸನೆಯಿತ್ತು, ಅವನ ಎದೆಯ ಕೂದಲನ್ನು ಹಿಡಿದು ನೋಯುವ ಹಾಗೆ ಎಳೆಯಿತು. ಮಳೆ ಜೋರಾಯಿತು. ಕುಸಿದ ಸೋಗೆಯಿಂದ ನೀರು ಇಳಿಯತೊಡಗಿದಾಗ ಅವನು ಬೆನ್ನನ್ನು ಆ ಕಡೆಗೆ ತಿರುಗಿಸಿ ಕೂತ. ಬಸ್ಸು ಹೊರಡುವ ಹೊತ್ತು ಬಂತು, ಹೋಯಿತು. ಬೆನ್ನು ನೆನೆಯುತ್ತಿದ್ದಂತೆ ಅವನಿಗೆ ಬೆಂಗಳೂರಿನ ಉಕ್ಕಿನ ಡಬ್ಬಿ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು, ಅದರ ವಾಲ್ವು, ವಾಲ್ವಿನ ಮೇಲೆ ಯಾರ ಕೈಯೂ ಇಲ್ಲದಿರುವುದು. ಅದನ್ನು ನೋಡಿಯೂ ಅವನು ಅಲ್ಲಾಡಲಿಲ್ಲ. ಅಲ್ಲಾಡಿದರೆ ಮಗು ಏಳುತ್ತಿತ್ತು. ಕೆಂಚಮ್ಮ ಗರಿಯ ಹೊರೆ ಹೊತ್ತು ತೊಯ್ದು ಬಂದವಳು, ಒಳಗೆ ಬಗ್ಗಿ ನೋಡಿ, "ಅಯ್ಯೋ ಶಿವ್ನೆ, ಗಂಡು ಬಾಣಂತಿ," ಎಂದಳು. ಜ್ವರದಲ್ಲೂ ಹೊನ್ನಕ್ಕ ನಕ್ಕಳು. ಕತ್ತಲಾಗುವ ಮುನ್ನ ರಂಗಕ್ಕ ಎರಡು ಮುದ್ದೆ, ಹುರುಳಿ ಸಾರು ತಂದು ಒನಕೆಯ ಆಚೆ ಇಟ್ಟು, ಮಾತಾಡದೆ ಹಿಂದಕ್ಕೆ ಹೋದಳು. ಅದುವರೆಗೆ ಒಂದೇ ಮುದ್ದೆ ಬರುತ್ತಿತ್ತು.

ಸೂತಕ ತೀರಿ, ನೀರು ಹುಯ್ಯಿಸಿಕೊಂಡು, ಅವನು ಬೆಂಗಳೂರಿಗೆ ಹೋಗುವಷ್ಟರಲ್ಲಿ ಮಳೆಗಾಲ ಹಳತಾಗಿತ್ತು. ಪರ್ವತಯ್ಯ ಆ ಭಾನುವಾರ ಎರಡು ಬಸ್ಸು ಬಿಟ್ಟು ಕಾದು, ಮದುವೆಗೆ ಹೋಗಿದ್ದ. ಅವನು ಹೋದ ಮೇಲೆ ಕರೆಂಟು ಹೋಗಿತ್ತು. ಡಬ್ಬಿ ತೆರೆದಾಗ ಹರಳಿನ ಮೇಲೆ ಒಲೆಯ ಮಸಿಯಂಥ ಪುಡಿ ಇತ್ತಂತೆ. ಸಾಹೇಬರು ಬೈಯಲಿಲ್ಲ. "ಒಂದು ಮಾತು ಹೇಳಿ ಕಳಿಸಬಾರದಿತ್ತೇ," ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇರೆ ಕಾಗದ ನೋಡತೊಡಗಿದರು. ಓಬಳಪ್ಪನನ್ನು ಉಗ್ರಾಣಕ್ಕೆ ಹಾಕಿದರು. ಅವನೂ ಅದನ್ನೇ ಕೇಳಬೇಕೆಂದಿದ್ದ. ಅಲ್ಲಿ ಕೈಗವಸು, ಕೋಟು, ಖಾಲಿ ಕ್ಯಾನುಗಳನ್ನು ಎಣಿಸಿ ಕೊಡುವ ಕೆಲಸ. ಹಾಗಾದ ಮೇಲೆ ಹೊನ್ನಕ್ಕ ಕ್ವಾರ್ಟರ್ಸಿಗೆ ಬಂದಳು.

ಅವನಿಗೆ ಒಳಕೋಣೆ ಕೈತಪ್ಪಿತು. ಅಂಥ ಪೊರೆ ಆಮೇಲೆ ಯಾರ ಕೈಯಲ್ಲೂ ಬರಲಿಲ್ಲ ಎಂದು ಪರ್ವತಯ್ಯ ಹೇಳುತ್ತಿದ್ದ, ಸಮಾಧಾನಕ್ಕೆ ಹೇಳಿದನೋ ನಿಜವೋ. ಹಟ್ಟಿಯಲ್ಲಿ ಕಟ್ಟಳೆ ಬದಲಾಗಲಿಲ್ಲ, ಬಾಣಂತಿಯರ ಗುಡಿಸಲು ಬೇಲಿಯ ಹೊರಗೇ ಉಳಿಯಿತು. ಮಗು ಉಳಿಯಿತು. ಅವನ ಮೈಕಾವಿನಿಂದ ಉಳಿಯಿತೋ, ಅದರ ಪಾಡಿಗೆ ಅದು ಉಳಿಯುತ್ತಿತ್ತೋ, ಓಬಳಪ್ಪನಿಗೆ ಗೊತ್ತಾಗಲಿಲ್ಲ.